ಹುಳದ ಮನೆಗೆ ಹೋದ ಬೀಡಿ ಕೈ

ಈ ಮಾತನ್ನು ಬರೆಯಲೆಂದು ಎಷ್ಟೋ ಸಲ ಕೂತು, ಮಳೆ ಬೆಳೆಯ ಸುದ್ದಿ ಬರೆದು ಎದ್ದಿದ್ದೇನೆ. ಇವತ್ತು ಬರೆದುಬಿಡುತ್ತೇನೆ.

ಐವತ್ತರ ದಶಕದ ಕೊನೆ. ಶಿಡ್ಲಘಟ್ಟದ ಹೈಸ್ಕೂಲಿಗೆ ನಡೆದು ಹೋಗುವ ದಾರಿಯಲ್ಲೊಂದು ದೊಡ್ಡ ಬಂಡೆ. ಸಂಜೆ ಅದರ ಹಿಂದೆ ನಮ್ಮ ಸಭೆ. ಚಿಂತಾಮಣಿಯಿಂದ ಬಂದು ಮಾವನ ಮನೆಯಲ್ಲಿದ್ದ ಗೆಳೆಯನೊಬ್ಬ ನಮಗೆಲ್ಲ ಗುರು. ಅವನು ಕಿವಿಗೆ ಬೀಡಿ ಸಿಕ್ಕಿಸಿಕೊಳ್ಳುವ ಠೀವಿಗೇ ನಾವು ಸೋತಿದ್ದೆವು.

"ಹೊಗೆ ಬಾಯಲ್ಲೇ ಇಟ್ಕೋಬೇಡ ಕಣೋ, ನುಂಗು. ಪಾಯಸ ಅಂದ್ಕೊ."

ನುಂಗಿದೆ. ಕಣ್ಣಲ್ಲಿ, ಮೂಗಲ್ಲಿ ನೀರು ಕಿತ್ತುಕೊಂಡು ಬಂತು.

"ಗಂಡಸಾಗ್ತಾವ್ನೆ, ಬೆನ್ನಿಗೆ ಗುದ್ರೋ!"

ಎಲ್ಲರೂ ಸಂತೋಷದಿಂದ ಗುದ್ದಿದರು. ಕೆಲವೇ ದಿನಗಳಲ್ಲಿ ಮೂಗಿನಿಂದ ಹೊಗೆ ಬಿಡುವುದನ್ನು ಕಲಿತೆ. ಅಲ್ಲಿಯತನಕ "ಪುಕ್ಕಲ" ಎನ್ನುತ್ತಿದ್ದವರು "ರೈಲು" ಎಂದು ಕರೆಯತೊಡಗಿದರು. ಆ ಹೆಸರು ಹೊತ್ತು, ಸೀಬೆ ಎಲೆ ಜಗಿಯುತ್ತ, ಎದೆಯುಬ್ಬಿಸಿ ಮನೆಗೆ ಬರುತ್ತಿದ್ದೆ.

ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಹೊಗೆಸೊಪ್ಪು ಮುಟ್ಟಿದ ಕೈ ಹುಳಕ್ಕೆ ವಿಷ. ಬೀಡಿ ಸೇದುವ ಅಪ್ಪ ಹುಳದ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಆ ಕಟ್ಟಳೆ ದೊಡ್ಡವರಿಗೆ ಎಂದುಕೊಂಡಿದ್ದೆ. ಬಾಯಿಯ ವಾಸನೆ ಕಳೆದೆನೇ ಹೊರತು ಕೈಯ ನೆನಪಾಗಲಿಲ್ಲ.

ಹೊಸದಾಗಿ ಮದುವೆಯಾಗಿ ಬಂದಿದ್ದ ಅತ್ತಿಗೆಗೆ ಹುಳವೆಂದರೆ ಪ್ರಾಣ. ಸೊಪ್ಪು ಹಾಕುತ್ತ ತಮ್ಮ ತವರಿನ ತೆಲುಗಿನಲ್ಲಿ, "ತಿನಂಡ್ರಾ ಬಂಗಾರಾಲು" ಎಂದು ಮಕ್ಕಳಿಗೆ ಉಣಿಸುವಂತೆ ಮಾತಾಡುತ್ತಿದ್ದರು. ಒಂದು ಸಂಜೆ ಬಂಡೆಯಿಂದ ನೇರ ಬಂದು, ಅವರ ಕೈಯಿಂದ ಸೊಪ್ಪು ಕಿತ್ತುಕೊಂಡು ಮೂಲೆಯ ತಟ್ಟೆಗೆ ನಾನೇ ಹಾಕಿದೆ. ಬೆಳಗ್ಗೆ ಆ ತಟ್ಟೆಯ ಹುಳಗಳು ತಲೆಯೆತ್ತಿ ಕಕ್ಕುತ್ತಿದ್ದವು.

ಅಮ್ಮ ಅತ್ತಿಗೆಯ ಮೇಲೆ ಹಾಯ್ದರು. "ಮುಟ್ಟಾಗಿ ಒಳಕ್ಕೋದ್ಯೇನೇ?"

"ಇಲ್ಲ ಅತ್ತೆಮ್ಮ, ನಿಮ್ಮಾಣೆಗೂ ಇಲ್ಲ."

"ಮತ್ತೆ ಸುಮ್‌ಸುಮ್ನೆ ಸಾಯ್ತವಾ?"

ನಾನು ಬೆರಳು ಮೂಸಿಕೊಂಡೆ. ನಾನು ಬೀಡಿ ಸೇದುವವನೆಂದು ಮನೆಯಲ್ಲಿ ಮೊದಲು ಕಂಡುಹಿಡಿದದ್ದು ಹುಳಗಳೇ. ಬಾಯಿಬಿಟ್ಟರೆ ಅಪ್ಪನ ಏಟು ಬೀಳುತ್ತಿತ್ತು, ಬಂಡೆಯ ಹಿಂದಿನ ಸಭೆಯೂ ಮುಗಿಯುತ್ತಿತ್ತು. ಕೈ ತೊಳೆದುಕೊಂಡು ಸ್ಕೂಲಿಗೆ ಹೊರಟೆ.

ಅಮ್ಮ ಮತ್ತೆ ಅವರನ್ನು ಹುಳದ ಮನೆಗೆ ಬಿಡಲಿಲ್ಲ. ಮುಂದಿನ ಬೆಳೆಗೆ ಅವರು ಕಿಟಕಿಯ ಆಚೆ ನಿಂತು, ಸರಳು ಹಿಡಿದು, ಒಳಗಿನ ಹುಳಗಳಿಗೆ "ತಿನಂಡ್ರಾ" ಎನ್ನುತ್ತಿದ್ದರು. ನನ್ನನ್ನು ಕಂಡರೆ ನಗುತ್ತಲೇ, "ಒಳಗೋಗಿ ನೋಡ್ಬಾರಪ್ಪ, ತಿಂತಾವಾ?" ಎಂದು ಕೇಳುತ್ತಿದ್ದರು.

ಬೀಡಿ ಬಿಟ್ಟು ಬಹಳ ಕಾಲವಾಯಿತು. ಬಂಡೆಯ ಹಿಂದೆ ಬಿದ್ದ ಗುದ್ದುಗಳನ್ನು ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ. ಆ ಕಿಟಕಿ ಕಣ್ಣಿಗೆ ಬಂದರೆ ನಗು ನಿಲ್ಲುತ್ತದೆ. ಅವರು ಬದುಕಿದ್ದಷ್ಟು ಕಾಲವೂ ತಪ್ಪಾಯಿತೆಂದು ಹೇಳದೇ ಹೋದೆ, ನನ್ನ ಅತ್ತಿಗೆಗೆ.