ಅರವತ್ತೆಂಟು ಬೈಟು

ಮೊನ್ನೆ ರಾಮನಗರದ ಒಂದು ಓಣಿಯಲ್ಲಿ ಹೋಗುವಾಗ ಬೇಯುವ ರೇಷ್ಮೆಗೂಡಿನ ವಾಸನೆ ಬಂತು. ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ನಾನು ನಿಂತುಬಿಟ್ಟೆ. ನಮ್ಮ ಸಿಸ್ಟಮ್ ಸಾಹೇಬರ ಅಂಗಿಗೂ ಇದೇ ವಾಸನೆ ಇರುತ್ತಿತ್ತು...

ನಾನು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಮನೆಯದು ನೂಲು ಬಿಚ್ಚುವ ಕಸುಬು. ಬೆಳಿಗ್ಗೆ ತಮ್ಮನ ಜೊತೆ ಕುದಿನೀರಿನ ಮುಂದೆ ಕೂತು, ಬೆಂದ ಗೂಡಿನ ಎಳೆಯ ತುದಿ ಹುಡುಕಿಕೊಟ್ಟು, ಆಮೇಲೆ ಡ್ಯೂಟಿಗೆ ಬರುತ್ತಿದ್ದರು.

ಒಮ್ಮೆ ಲ್ಯಾಬಿನ ರಿಪೋರ್ಟುಗಳು ಡಾಕ್ಟರ ಕಂಪ್ಯೂಟರಿಗೆ ಸೇರದೆ ನಿಲ್ಲತೊಡಗಿದವು. ನೆಟ್‌ವರ್ಕಿನ ತಂತಿಯಲ್ಲಿ ಹೋಗುವುದನ್ನು ಹಿಡಿದಿಡು ಎಂದು ಸಾಹೇಬರು ನನಗೆ ಹೇಳಿದರು. ಯುನಿಕ್ಸ್ ಸರ್ವರಿನಲ್ಲಿ ಅದಕ್ಕೊಂದು ಪ್ರೋಗ್ರಾಂ ಇದೆ. ಮಾಹಿತಿ ತುಂಡು ತುಂಡಾಗಿ ಸಾಗುತ್ತದೆ, ಆ ಪ್ರತಿ ತುಂಡಿನ, ಅಂದರೆ ಪ್ಯಾಕೆಟ್ಟಿನ, ನಕಲು ತೆಗೆಯುತ್ತದೆ. ನಾನು ಮಹಾ ಜಾಣೆ, ಒಂದಕ್ಷರ ಬಿಡದೆ ಹಿಡಿದೆ. ಮಧ್ಯಾಹ್ನಕ್ಕೆ ಡಿಸ್ಕ್ ತುಂಬಿ ಪ್ರೋಗ್ರಾಂ ನಿಂತಿತು. ರಿಪೋರ್ಟು ಮತ್ತೆ ಸೇರದೆ ನಿಂತದ್ದು ಆಮೇಲೆ, ಹಾಗಾಗಿ ಅದು ಫೈಲಿನಲ್ಲಿ ಸಿಗಲಿಲ್ಲ. ಸಿಕ್ಕಿದ್ದು ನಮ್ಮೂರು ಅಕ್ಕೂರಿನ ಹೆಂಗಸೊಬ್ಬಳ ಹೆಸರು, ಅವಳು ಯಾರಿಗೂ ಹೇಳಿರದ ಕಾಯಿಲೆ. ನಾನು ಓದುತ್ತಿದ್ದುದನ್ನು ಸಾಹೇಬರು ನೋಡಿದರು. ಬೈಯಲಿಲ್ಲ. ಫೈಲು ಅಳಿಸಿ ಪಕ್ಕದಲ್ಲಿ ಕೂತರು.

“ಎಳೆ ತುದಿ ಸಿಕ್ರೆ ಸಾಕು ಕಣಮ್ಮ, ಗೂಡೆಲ್ಲ ಯಾಕೆ ಬಿಚ್ತೀಯ? ಒಳಗಿರೋದು ಇನ್ನೊಬ್ರ ನೋವು.”

ಪ್ರತಿ ಪ್ಯಾಕೆಟ್ಟಿನ ಮೊದಲ ಅರವತ್ತೆಂಟು ಬೈಟು ಮಾತ್ರ ಉಳಿಯುವಂತೆ ಮಾಡಿದರು. ಲಕೋಟೆಯ ಮೇಲಿನ ವಿಳಾಸದಂತೆ ಎಲ್ಲಿಂದ, ಎಲ್ಲಿಗೆ, ಎಷ್ಟನೆಯದು, ಅಷ್ಟೇ. ಇಷ್ಟರಲ್ಲಿ ಏನು ಸಿಕ್ಕೀತು ಎಂದು ಒಳಗೊಳಗೇ ನಕ್ಕೆ. ಸಂಜೆ ಆ ಸಾಲುಗಳ ಮೇಲೆ ಬೆರಳಾಡಿಸುತ್ತಾ ಅವರು ಒಂದು ಕಡೆ ನಿಲ್ಲಿಸಿದರು. ಡಾಕ್ಟರ ಕಂಪ್ಯೂಟರಿನ ವಿಳಾಸವನ್ನೇ ಯಾರೋ ಹೊಸ ಪ್ರಿಂಟರಿಗೂ ಕೊಟ್ಟಿದ್ದರು. ರಿಪೋರ್ಟು ಅಲ್ಲಿಗೆ ಹೋಗಿ ಸಿಕ್ಕಿಬೀಳುತ್ತಿತ್ತು. ಒಬ್ಬರ ಹೆಸರನ್ನೂ ಓದದೆ ಕಂಡುಹಿಡಿದಿದ್ದರು...

ನಿವೃತ್ತರಾದ ಮೇಲೆ ಅದೇ ಆಸ್ಪತ್ರೆಗೆ ರೋಗಿಯಾಗಿ ಬಂದರು. ಆ ವಾರ ಮತ್ತೆ ನೆಟ್‌ವರ್ಕಿನ ತೊಂದರೆ, ಹಿಡಿಯುವವಳು ನಾನು. ಅವರ ರಿಪೋರ್ಟೂ ಆ ತಂತಿಯಲ್ಲೇ ಬರಬೇಕು. ಬೈಟಿನ ಆ ಒಂದು ಸಂಖ್ಯೆ ಹೆಚ್ಚಿಸಿದ್ದರೆ ಅವರ ಕಾಯಿಲೆ ಡಾಕ್ಟರಿಗಿಂತ ಮೊದಲೇ ನನಗೆ ತಿಳಿಯುತ್ತಿತ್ತು. ಅರವತ್ತೆಂಟೆಂದೇ ಒತ್ತಿದೆ.

ವಾರ್ಡಿಗೆ ಹೋದಾಗ, “ನಂದು ಸೇರ್ತಾ ತಾಯಿ?” ಎಂದು ಕೇಳಿದರು.

“ಇವತ್ತಿಂದೆಲ್ಲ ಸೇರ್ತು ಸಾಹೇಬ್ರೆ. ನಿಮ್ದು ಯಾವ್ದು ಅಂತ ಗೊತ್ತಾಗ್ಲಿಲ್ಲ.”

ಕಣ್ಣು ಮುಚ್ಚಿಕೊಂಡೇ ನಕ್ಕರು. ಆಮೇಲೆ ಅವರು ಮನೆಗೆ ಮರಳಲಿಲ್ಲ.

ಡಿಸ್ಕುಗಳು ಈಗ ದೊಡ್ಡವು, ಪೂರ್ತಿ ಹಿಡಿದರೇನು ಎಂದು ಹೊಸಬರು ನನ್ನನ್ನು ಕೇಳುತ್ತಾರೆ. ಆ ವಾರದ ಫೈಲನ್ನು ನಾನು ಇನ್ನೂ ಅಳಿಸಿಲ್ಲ. ಅಲ್ಲೊಂದು ಕಡೆ ಸಾಹೇಬರಿದ್ದಾರೆ. ಎಷ್ಟು ಹುಡುಕಿದರೂ ಅವರು ಯಾವ ಸಾಲಿನಲ್ಲಿದ್ದಾರೋ ಹೇಳಲಾರೆ.