ಹಳದಿ ಸೀರೆಯ ಅಕ್ಕನ ಕೈಲಿ ಕೂಸು

ಮೂವತ್ತೊಂದು ವರ್ಷ ಹಾಜರಿ ಕೂಗಿದ ಮಾಸ್ತರ ನಾನು. ಬಾರದ ಹುಡುಗನನ್ನು ಬಂದಿದ್ದಾನೆಂದು ಒಮ್ಮೆಯೂ ಬರೆದವನಲ್ಲ. ಅಂಥವನು ಮಿರಜಿನ ಒಂದು ಪ್ರಚಾರ ಸಭೆಯಲ್ಲಿ, ನನ್ನ ಪಾಲಿಗೆ ಇದ್ದ ಒಂದೇ ಒಂದು ಕೂಸನ್ನು ಕಳೆದುಕೊಂಡೆ. ಹನ್ನೊಂದು ನಿಮಿಷ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಕೂಸೆಂದರೆ ಅನ್ವಿ, ಹತ್ತು ತಿಂಗಳ ನನ್ನ ಮೊಮ್ಮಗಳು. ಅಷ್ಟು ಚಿಕ್ಕದಕ್ಕೆ ಸಭೆಯಲ್ಲೇನು ಕೆಲಸ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಅನ್ವಿಯ ತಾಯಿ, ಅಂದರೆ ನನ್ನ ಸೊಸೆ ಸುಜಾತಾ, ನಮ್ಮೂರು ಆರಗದ ಹೆಂಗಸರ ಬಚತ ಗಟದ, ಅಂದರೆ ಉಳಿತಾಯ ಸಂಘದ, ಅಧ್ಯಕ್ಷೆ. ಸಭೆಯ ಕೊನೆಗೆ ಆಭಾರ ಮನ್ನಿಸುವ, ಎಲ್ಲರಿಗೂ ವಂದನೆ ಹೇಳುವ ಮಾನ ಅವಳಿಗೆ ಸಿಕ್ಕಿತ್ತು. ಜೀವನದಲ್ಲಿ ಮೊದಲ ಸಲ ವೇದಿಕೆಯ ಮೇಲೆ ಕುರ್ಚಿ. ಕೂಸೋ ಇನ್ನೂ ಎದೆಹಾಲು ಬಿಟ್ಟಿಲ್ಲ. ಹೆಂಡತಿಯ ಮೊಣಕಾಲು ಟೆಂಪೋ ಹತ್ತಲು ಒಪ್ಪಲಿಲ್ಲ. ಉಳಿದವನು ನಾನು.

“ಮಾಂವ, ನಿಮ್ಮ ಕಡಿಂದ ಆಗ್ತೈತೇನ್ರಿ?” ಎಂದಳು ಸುಜಾತಾ.

“ನಲವತ್ತ ಹುಡುಗೂರ್ನ ಒಂದ ಖೋಲ್ಯಾಗ ಕುಂದ್ರಿಸಿದಾಂವ ನಾ. ಇದೊಂದ ಏನ ಮಹಾ?” ಎಂದೆ.

ಈ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುವ ಅವಕಾಶವಿದ್ದರೆ ತೆಗೆದುಕೊಳ್ಳುತ್ತಿದ್ದೆ.

ನಮ್ಮ ಕಡೆ ಒಂದು ರೂಢಿಯಿದೆ. ಜನ ಕೂಡಿದಲ್ಲಿ ಕೂಸು ಹೆತ್ತವರದಾಗಿ ಉಳಿಯುವುದಿಲ್ಲ. “ಕೊಡ್ರಿ ಇಲ್ಲೆ” ಎಂದು ಯಾರೋ ಕೈ ಚಾಚುತ್ತಾರೆ, ನಾವು ಕೊಡುತ್ತೇವೆ. ಬಸ್ಸಿನಲ್ಲಿ ಸೀಟು ಹಿಡಿಯಲು ಕರವಸ್ತ್ರದ ಬದಲು ಕೂಸನ್ನೇ ಕಿಟಕಿಯಿಂದ ಒಳಗೆ ದಾಟಿಸಿದ್ದನ್ನು ನಾನು ಕಂಡಿದ್ದೇನೆ. ಒಳಗಿದ್ದವರು ಯಾರೆಂದು ಕೊಟ್ಟವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಅವರಿಗೆ ಅನಿಸಿಯೂ ಇರಲಿಲ್ಲ. ಮದುವೆಯಲ್ಲಿ ಒಂದು ಪಂಕ್ತಿಯ ಊಟ ಮುಗಿಯುವಷ್ಟರಲ್ಲಿ ಕೂಸು ಆರು ತೊಡೆ ತಿರುಗಿ, ಏಳನೆಯದರಲ್ಲಿ ನಿದ್ದೆ ಹೋಗಿರುತ್ತದೆ. ಕೊಟ್ಟವರ ಹೆಸರು ಪಡೆದವರಿಗೆ ಬೇಡ, ಪಡೆದವರ ಹೆಸರು ಕೊಟ್ಟವರಿಗೆ ಬೇಡ. “ಅಕ್ಕಾ” ಎಂದರಾಯಿತು.

ಹೀಗೆಯೇ ಆಯಿತು. ಹೆಂಗಸರ ಸಾಲುಗಳ ಅಂಚಿನಲ್ಲಿ, ಐದನೆಯ ಸಾಲಿನಲ್ಲಿ ಕುಳಿತಿದ್ದೆ. ನೀರಿನ ಬಾಟಲಿಯ ಮುಚ್ಚಳ ಮಣ್ಣಿಗೆ ಬಿತ್ತು. ಪಕ್ಕದಾಕೆ ತಾನಾಗಿ ಕೈ ಚಾಚಿದಳು. “ತೊಳಕೊಂಡ ಬರ್ರಿ ಅಜ್ಜಾ. ಇರ್ತಾಳ ನನ್ನ ಕಡೆ.” ಕೊಟ್ಟೆ. ನೀರಿನ ಟ್ಯಾಂಕರಿಗೆ ನಲವತ್ತೊಂಬತ್ತು ಹೆಜ್ಜೆ, ಎಣಿಸಿದ್ದೇನೆ. ಆಕೆಯ ಗುರುತನ್ನೂ ಮನಸ್ಸಿನಲ್ಲಿ ಬರೆದುಕೊಂಡಿದ್ದೆ: ಹಳದಿ ಸೀರೆ.

ಮುಚ್ಚಳ ತೊಳೆದು ತಿರುಗಿದೆ. ಇಡೀ ಮೈದಾನ ಹಳದಿ.

ಎಲ್ಲ ಬಚತ ಗಟದವರೂ ಅದೇ ಸೀರೆ ಉಟ್ಟು ಬರಬೇಕೆಂದು ಠರಾವಾಗಿತ್ತು. ನಮ್ಮ ಸುಜಾತಾಳೇ ಬೆಳಿಗ್ಗೆ ಅದನ್ನೇ ಉಟ್ಟು, ನನ್ನ ಎದುರಿಗೇ ನೆರಿಗೆ ಸರಿಮಾಡಿಕೊಂಡಿದ್ದಳು. ನಾನು ನೋಡಿದ್ದೆ. ನೋಡಿದ್ದು ಬೇರೆ, ಕಂಡದ್ದು ಬೇರೆ. ಇನ್ನೂರು ಕುರಿಗಳಲ್ಲಿ ಒಂದೊಂದನ್ನೂ ಮುಖದಿಂದ ಗುರುತಿಸುವ ಕುರುಬರು ಖಂಡೇರಾಜುರಿಯ ದಾರಿಯಲ್ಲಿ ಎಷ್ಟೋ ಸಲ ನನಗೆ ಸಿಕ್ಕಿದ್ದಾರೆ. ಅಕ್ಷರ ಕಲಿತ ನಾನು ಒಬ್ಬ ಹೆಂಗಸಿನ ಮುಖವನ್ನು ಬಿಟ್ಟು ಬಟ್ಟೆಯನ್ನು ನೆನಪಿಟ್ಟೆ.

ಐದನೆಯ ಸಾಲಿಗೆ ಓಡಿದೆ. ಅದು ಐದನೆಯ ಸಾಲಾಗಿ ಉಳಿದಿರಲಿಲ್ಲ. ಹೊಸದಾಗಿ ಎರಡು ಟೆಂಪೋ ಬಂದು, ಕ್ಯಾಮೆರಾದವರಿಗಾಗಿ ಕಾರ್ಯಕರ್ತರು “ಪುಢೇ ಸರಕಾ, ಪುಢೇ ಸರಕಾ” ಎನ್ನುತ್ತ ಎಲ್ಲರನ್ನೂ ಮುಂದೆ ತಳ್ಳಿದ್ದರು. ಮೂರು ಸಾಲು ಹುಡುಕಿದೆ. ಕಾಡಿಗೆ ಬೊಟ್ಟಿಟ್ಟ ಕೂಸುಗಳು ಬೇಕಾದಷ್ಟಿದ್ದವು, ಅನ್ವಿ ಇರಲಿಲ್ಲ. ವೇದಿಕೆಯ ಮೇಲೆ ಸುಜಾತಾ ಕೈಯಲ್ಲಿ ಚೀಟಿ ಹಿಡಿದು, ತುಟಿ ಅಲ್ಲಾಡಿಸುತ್ತ ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಅವಳಿಗೆ ಹೇಳಬೇಕಾದ ವಾಕ್ಯವನ್ನು ನಾನೂ ಬಾಯಿಪಾಠ ಮಾಡತೊಡಗಿದೆ. ಅದು ಮೊದಲ ಶಬ್ದದಾಚೆ ಹೋಗಲೇ ಇಲ್ಲ.

ಕೊನೆಗೆ ಮೈಕಿನವನ ಬಳಿ ಹೋಗಿ ಕಿವಿಯಲ್ಲಿ ಹೇಳಿದೆ. ಹೆಸರು ಮಾತ್ರ ಕೂಗಬೇಡ, ತಾಯಿ ಮೇಲೆಯೇ ಕೂತಿದ್ದಾಳೆ ಎಂದು ಬೇಡಿಕೊಂಡೆ. ಅವನು ಜಾಣ. ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಕೂಗಿದ:

“ಯಾರ ತೊಡಿ ಮ್ಯಾಲ ಬ್ಯಾರೇದವ್ರ ಕೂಸು ಐತಿ, ಅವ್ರು ಕೈ ಎತ್ರಿ!”

ಅರ್ಧ ಮೈದಾನ ಕೈ ಎತ್ತಿತು.

ನಾನು ಉತ್ಪ್ರೇಕ್ಷೆ ಮಾಡುವವನಲ್ಲ. ಅರ್ಧಕ್ಕೆ ಸ್ವಲ್ಪ ಕಡಿಮೆ ಇರಬಹುದು. ಅದೇ ಗಳಿಗೆಗೆ ಉಮೇದುವಾರರ ಕಾರು ಬಂದು ನಿಂತಿತು. ಇಳಿದವರು ಎತ್ತಿದ ಕೈಗಳನ್ನು ಕಂಡು ಕಣ್ಣು ಒದ್ದೆ ಮಾಡಿಕೊಂಡು ಕೈ ಮುಗಿದರು. ಫೋಟೋದವರು ಓಡಿದರು. ಸುಜಾತಾ ಚಪ್ಪಾಳೆ ತಟ್ಟಿದಳು.

ಎತ್ತಿದ ಕೈಗಳ ನಡುವೆ ಒಂದೊಂದೇ ತೊಡೆ ನೋಡುತ್ತ ನಡೆದೆ. ಎರಡನೆಯ ಸಾಲಿನಲ್ಲಿ, ನಾನು ಕೂಸು ಕೊಟ್ಟಿದ್ದ ಹೆಂಗಸಿನ ತೊಡೆಯ ಮೇಲೆ, ಅನ್ವಿ ಆಕೆಯ ಹಸಿರು ಬಳೆ ಕಚ್ಚುತ್ತ ಕೂತಿದ್ದಳು. ಅಲ್ಲೇ ಕುಕ್ಕರಿಸಿ ಕೈ ಚಾಚಿದೆ.

ಆಕೆ ಕೂಸನ್ನು ಎದೆಗೊತ್ತಿಕೊಂಡಳು. “ನೀವ್ಯಾರ್ರಿ?”

“ನಾನ ಅಲ್ಲೇನ್ರಿ ಕೊಟ್ಟಾಂವ?”

“ಕೊಟ್ಟಾಂವ ಬಿಳಿ ಟೋಪಿ ಹಾಕ್ಕೊಂಡಿದ್ದ.”

“ನನಗೂ ಐತಲ್ರಿ.”

“ಯಾರಿಗಿಲ್ರಿ? ಆಗಿಂದ ಟೋಪಿನ ಹುಡಕಾಕತ್ತೀನಿ. ಮುದಕ ಕೂಸು ಕೊಟ್ಟ ಓಡಿ ಹ್ವಾದ ಅಂತ ಜೀವ ಬಾಯಿಗೆ ಬಂದೈತಿ ನಂದು.”

ತಿರುಗಿ ನೋಡಿದೆ. ಸಭೆಯವರು ಹಂಚಿದ ಟೋಪಿ ಪ್ರತಿ ಗಂಡಸಿನ ತಲೆಯ ಮೇಲೂ ಇತ್ತು. ನನ್ನದನ್ನು ತೆಗೆದೆ. ಅನ್ವಿ ನನ್ನ ಬೋಳು ತಲೆಯನ್ನು ಒಮ್ಮೆ ನೋಡಿ, ಮತ್ತೆ ಬಳೆಗೆ ಬಾಯಿ ಹಾಕಿದಳು.

“ನೋಡ್ರಿ, ಕೂಸಿಗೂ ನಿಮ್ಮ ಗುರ್ತ ಇಲ್ಲ,” ಎಂದಳಾಕೆ. “ತಾಯೀನ ಕರಕೊಂಡ ಬರ್ರಿ. ಅಲ್ಲೀತನಕ ಕೊಡಾಂಗಿಲ್ಲ.”

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಮಾಡಬೇಕಿದ್ದ ಎಚ್ಚರಿಕೆಯನ್ನು ಆಕೆ ಮಾಡುತ್ತಿದ್ದಳು.

ವೇದಿಕೆಯ ಹಿಂದಿನಿಂದ ಹತ್ತಿ ಸುಜಾತಾಳ ಕುರ್ಚಿಯ ಬಳಿ ಬಾಗಿದೆ. “ಅನ್ವೀನ ಕಳದಿದ್ದೆ. ಸಿಕ್ಕಾಳ. ಕೊಡವಲ್ರು.” ಮೂರೇ ವಾಕ್ಯ, ಬಂದ ಕ್ರಮದಲ್ಲಿ. ಅವಳು ಮೆಟ್ಟಿಲನ್ನು ಲೆಕ್ಕಕ್ಕಿಡದೆ ಇಳಿದಳು. ಕೂಸು ದೂರದಿಂದಲೇ ತಾಯಿಯ ಮೇಲೆ ಹಾರಿತು. ಅಪರಿಚಿತೆ ಕೊಟ್ಟಳು, ಕೊಟ್ಟ ಮೇಲೆ ಅತ್ತಳು. ಆಮೇಲೆ ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಆಕೆಯ ಹೆಸರು ಶೇವಂತಾ, ಊರು ಲಿಂಗನೂರು. ಸುಜಾತಾ ಮೊದಲು ಕೇಳಿದ್ದೇ ಅದನ್ನು.

“ಮಾಂವ, ಖೋಲಿ ಒಳಗ ನಲವತ್ತ ಹುಡುಗೂರು ಅಂದಿದ್ರಿ,” ಎಂದಳು ಹಾಲೂಡಿಸುತ್ತ.

“ಖೋಲಿಗೆ ಬಾಗ್ಲಾ ಇತ್ತವ್ವಾ,” ಎಂದೆ.

ಉಮೇದುವಾರರ ಭಾಷಣ ನಡೆದಿತ್ತು. ಆಭಾರ ಹೇಳುವ ಹೊತ್ತಿಗೆ ಸುಜಾತಾ ಕೂಸನ್ನು ಸೊಂಟಕ್ಕೇರಿಸಿಕೊಂಡೇ ವೇದಿಕೆಗೆ ಹೋದಳು. ನನ್ನ ಕೈಗೆ ಕೊಡಲಿಲ್ಲ; ನಾನೂ ಕೇಳಲಿಲ್ಲ. ಬರಿಗೈಯಲ್ಲಿ, ಇನ್ನು ಜನ್ಮದಲ್ಲಿ ಯಾರ ಕೂಸನ್ನೂ ಮುಟ್ಟಬಾರದು ಎಂದುಕೊಳ್ಳುತ್ತ ಕೂತಿದ್ದೆ.

“ಅಜ್ಜಾ, ಸ್ವಲ್ಪ ಹಿಡೀರಿ, ನೀರ ಕುಡದ ಬರ್ತೀನಿ.” ಹಿಂದಿನ ಸಾಲಿನಿಂದ ಒಂದು ದುಂಡು ಕೂಸು ನನ್ನ ತೊಡೆಗೆ ಬಂದು ಬಿತ್ತು.

“ನಿಮ್ಮ ಹೆಸರೇನ್ರಿ? ಯಾವ ಊರು?” ಎನ್ನುತ್ತ ತಿರುಗುವಷ್ಟರಲ್ಲಿ ಆಕೆ ಹಳದಿಯಲ್ಲಿ ಕರಗಿಹೋಗಿದ್ದಳು. ಕೂಸು ನನ್ನ ಮುಖ ನೋಡಿತು, ನಾನು ಮತ್ತೆ ಹಾಕಿಕೊಂಡಿದ್ದ ಟೋಪಿ ಕಿತ್ತು ಕೆಳಗೆ ಎಸೆಯಿತು. ಬಗ್ಗಿ ಎತ್ತಿಕೊಳ್ಳಬಹುದಿತ್ತು. ಆದರೆ ಆಕೆ ಕೂಸು ಕೊಟ್ಟ ಜಾಗದಲ್ಲೇ ನಾನು ಸಿಗಬೇಕಲ್ಲ. ಕದಲಲಿಲ್ಲ. ಕಾರ್ಯಕರ್ತರು “ಪುಢೇ ಸರಕಾ” ಎಂದು ಬಂದರು, ಆಗಲೂ ಕದಲಲಿಲ್ಲ.