ರೂಮಿನ ಹಿಂದಿನ ಬರೆ

ನಮ್ಮೂರಿನಲ್ಲಿ ಮಳೆ ನಿಂತ ಮೇಲೆ ಹೊರಟರೆ ಎಲ್ಲ ಕಡೆಯೂ ಮಳೆ ನಿಂತಿರುತ್ತದೆ ಎಂದು ತಿಳಿದಿದ್ದೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಸಮಭಾಜಕ ವೃತ್ತದ ಆಚೆ ಋತುಗಳೇ ಬೇರೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವ ಇದೇ ಕೈ ಡಿಸೆಂಬರ್ ಕೊನೆಗೆ ಬಾಲಿ ದ್ವೀಪಕ್ಕೆ ಟಿಕೆಟ್ ಮಾಡಿತು. ಕೊಡಗಿನಲ್ಲಿ ಆಗ ಕಾಫಿ ಪಿಕ್ಕಿಂಗ್, ಒಳ್ಳೆ ಬಿಸಿಲು. ಅಲ್ಲಿ ವಿಮಾನ ಇಳಿದಾಗ ಕಿಟಕಿಯಾಚೆ ರೆಕ್ಕೆಯೂ ಕಾಣದಷ್ಟು ಮಳೆ.

ಅವ್ವನಿಗೆ ವಿಮಾನ ಹತ್ತಿಸಿ ಬೇರೆ ದೇಶದ ಸಮುದ್ರ ತೋರಿಸುತ್ತೇನೆ ಎಂದು ಬಿ.ಎ. ಓದುವಾಗಲೇ ಮಾತು ಕೊಟ್ಟಿದ್ದೆ. ನಾನು ಹುಟ್ಟಿದ್ದು ಸೋಮವಾರಪೇಟೆ ಕಡೆಯ ಒಂದು ಎಸ್ಟೇಟಿನ ಲೈನ್‌ಮನೆಯಲ್ಲಿ. ಎಂಟು ಮನೆಯ ಆ ಸಾಲಿನಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಸನದ ಕಡೆಯಿಂದ ಕೂಲಿಗೆ ಬಂದ ಅವ್ವ ಕಾಫಿ ಗಿಡದ ಬುಡದಲ್ಲಿ ಬಗ್ಗಿ ಬಗ್ಗಿ ನನ್ನನ್ನು ಓದಿಸಿದಳು. ಕೆಲಸ ಸಿಕ್ಕಿ ಎಷ್ಟೋ ವರ್ಷಗಳ ಮೇಲೆ ಆ ಮಾತು ನಡೆಸಲು ಹೊರಟಿದ್ದೆ.

ಅವ್ವನ ಬ್ಯಾಗು ಬಂತು, ನನ್ನ ಸೂಟ್‌ಕೇಸು ಬರಲಿಲ್ಲ. ಕಳಿಸುತ್ತೇವೆಂದಿದ್ದ ಹೋಟೆಲಿನ ಕಾರೂ ಬರಲಿಲ್ಲ. ಹಿಡಿದ ಟ್ಯಾಕ್ಸಿಯವನು ಅದೇ ಹೆಸರಿನ ಇನ್ನೊಂದು ಹೋಟೆಲಿಗೆ ಕರೆದುಕೊಂಡು ಹೋದ. ಕೊನೆಗೆ ಸರಿಯಾದ ಜಾಗ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ಸಮುದ್ರದ ಕಡೆಯ ರೂಮು ಖಾಲಿಯಿಲ್ಲ, ನಾಳೆ ಬದಲಿಸಿಕೊಡುತ್ತೇವೆ ಎಂದು ರಿಸೆಪ್ಷನ್ನಿನ ಹುಡುಗಿ ನಗುತ್ತಲೇ ಹೇಳಿ ಹಿಂದಿನ ಕಾಟೇಜಿನ ಬೀಗದ ಕೈ ಕೊಟ್ಟಳು. ಅಲ್ಲಿ ಗುಡ್ಡವನ್ನು ಗೋಡೆಯ ಹಾಗೆ ನೇರ ಕತ್ತರಿಸಿ, ಅದರ ಬುಡದಲ್ಲೇ ಎರಡು ಕಾಟೇಜು ಕಟ್ಟಿದ್ದರು. ಹೀಗೆ ಕತ್ತರಿಸಿದ ಮಣ್ಣಿಗೆ ನಮ್ಮ ಕಡೆ ಬರೆ ಅನ್ನುತ್ತೇವೆ.

ಅವ್ವ ಒಳಗೆ ಬರಲಿಲ್ಲ. ಕೊಡೆ ಹಿಡಿದು ಹಿಂಭಾಗಕ್ಕೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ಬಾ ಅವ್ವ, ನೆನೀತಿದೀಯ."

"ಈ ನೀರು ನೋಡು."

"ಮಳೆ ಬಂದ್ರೆ ನೀರು ಬರಲ್ವಾ?"

"ಮೇಲಿಂದ ಹರಿಯೋ ನೀರಲ್ಲ ಕಣೆ ಇದು. ಒಳಗಿಂದ ಬತ್ತೈತೆ. ಕದಡೈತೆ." ಅವ್ವ ಬಗ್ಗಿ ನೀರಿಗೆ ಬೆರಳಿಟ್ಟು, ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. "ಮಣ್ಣು ಬಿಟ್ಟೈತೆ. ನಾನಿಲ್ಲಿ ಕಾಲಿಡಾಕಿಲ್ಲ."

"ಎಲ್ಲಿಗೆ ಕರ್ಕೊಂಡು ಬಂದ್ರೂ ನಿಂಗೆ ಅದೇ ಗುಡ್ಡನಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕೊಡಗಿನಲ್ಲಿ ಗುಡ್ಡಗಳು ಜರಿದ ಆ ಮಳೆಗಾಲದಲ್ಲಿ ನಾನು ದೂರದ ಶಾಲೆಯಲ್ಲಿದ್ದೆ. ಲೈನಿನ ಹಿಂದಿನ ಬರೆಯಿಂದ ಹೀಗೇ ಕದಡಿದ ನೀರು ಬರುವುದನ್ನು ಅವ್ವ ಹಿಂದಿನ ದಿನವೇ ನೋಡಿ, ಎಸ್ಟೇಟಿನ ಹಾಜರಿ ಬರೆಯುವ ರೈಟರಿಗೆ ಹೇಳಿದ್ದಳು. "ಮಳೆಗಾಲದಾಗೆ ನೀರು ಬರ್ದೆ ಹಾಲು ಬತ್ತದಾ?" ಅಂದರಂತೆ ಅವರು. ಮರುದಿನ ಬೆಳಿಗ್ಗೆ ಬರೆ ಜರಿಯಿತು. ಎಲ್ಲರೂ ಓಡಿ ಉಳಿದರು. ಕೋಳಿ ಬಿಡಲೆಂದು ವಾಪಸು ಹೋದ ಪಕ್ಕದ ಮನೆ ಅಜ್ಜಿ ಮಾತ್ರ ಬರಲಿಲ್ಲ.

ಇಷ್ಟು ಗೊತ್ತಿದ್ದೂ ನನಗೆ ಹಟ. ಓದಿದವಳು ನಾನು, ಹೋಟೆಲು ಹುಡುಕಿದವಳು ನಾನು. ಏನೂ ಆಗುವುದಿಲ್ಲ ಎಂದು ತೋರಿಸಲು ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಬಿಳಿ ಹಾಸಿಗೆಯ ಮೇಲೆ ಮಲಗಿದೆ. ಕಣ್ಣು ಮುಚ್ಚಿದೆ.

ಹಿಂದಿನ ಗೋಡೆಗೆ ಟಕ್ ಎಂದು ಏನೋ ಬಡಿಯಿತು. ಕಾಯಿ ಬಿದ್ದಿರಬೇಕು ಅಂದುಕೊಂಡೆ. ಮತ್ತೆ ಬಡಿಯಿತು, ಎರಡು ಸಲ. ಆಮೇಲೆ ಕಾಫಿ ಕಣದ ಸಿಮೆಂಟಿನ ಮೇಲೆ ತುಂಬಿದ ಮೂಟೆ ಎಳೆದಂಥ ಸದ್ದು. ಆ ಸದ್ದು ನನ್ನ ತಲೆಯ ಹಿಂದೆಯೇ, ಒಂದು ಗೋಡೆಯ ಆಚೆಗೆ ಇತ್ತು. ಎದ್ದು ಓಡಿದೆ. ಬಾಗಿಲು ಎಳೆದೆ, ಬರಲಿಲ್ಲ. ನೂಕಿದೆ, ಬರಲಿಲ್ಲ. ಅದು ಪಕ್ಕಕ್ಕೆ ಜಾರಿಸುವ ಬಾಗಿಲು. ಹತ್ತು ನಿಮಿಷದ ಹಿಂದೆ ನಾನೇ ಜಾರಿಸಿ ತೆಗೆದಿದ್ದೆ. ಇಲ್ಲಿ ಹೂತುಹೋದರೆ ಅವ್ವ ಯಾರಿಗೆ ಹೇಳುತ್ತಾಳೆ, ಯಾವ ಭಾಷೆಯಲ್ಲಿ ಹೇಳುತ್ತಾಳೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಾಗಿಲು ಅದು ಹೇಗೆ ತೆರೆಯಿತೋ ನೆನಪಿಲ್ಲ. ಬರಿಗಾಲಲ್ಲಿ ಹೊರಗೆ ಬಿದ್ದು, ಅವ್ವನ ರಟ್ಟೆ ಹಿಡಿದು, ಸಮುದ್ರದ ಕಡೆಯಿದ್ದ ಊಟದ ಹಾಲ್‌ವರೆಗೂ ಓಡಿದೆ.

ಅಲ್ಲೇ ಇದ್ದ ರಿಸೆಪ್ಷನ್ನಿನ ಹುಡುಗಿ ನನ್ನ ಮಾತು ಕೇಳಿ ಮತ್ತೆ ನಕ್ಕಳು. ಗುಡ್ಡವನ್ನು ಇಂಜಿನಿಯರು ನೋಡಿದ್ದಾರೆ, ಹೆದರಬೇಡಿ, ಯಾರನ್ನಾದರೂ ಕಳಿಸುತ್ತೇವೆ ಎಂದಳು. ಯಾರೂ ಎದ್ದಂತೆ ಕಾಣಲಿಲ್ಲ. ನಾನು ಕುರ್ಚಿಯ ಮೇಲೆ ಕುಸಿದು ಕೂತೆ.

ಅವ್ವ ಕೂರಲಿಲ್ಲ. "ಪಕ್ಕದ ರೂಮಿನಾಗೆ ಕೂಸೈತೆ."

"ನಿಂಗೆ ಹೆಂಗೆ ಗೊತ್ತು?"

"ಜಗಲಿಯಾಗೆ ಸಣ್ಣ ಚಡ್ಡಿ ಒಣಗಾಕವ್ರೆ. ಹೋಗಿ ಹೇಳು."

"ಇಲ್ಲಿಯವ್ರಿಗೆ ಹೇಳಿದೀನಲ್ಲ ಅವ್ವ."

"ನಾನೂ ರೈಟರಿಗೆ ಹೇಳಿದ್ದೆ."

ನಾನು ಕುರ್ಚಿ ಬಿಟ್ಟು ಏಳಲಿಲ್ಲ. "ನಂಗೆ ಅವ್ರ ಮಾತು ಬರಾಕಿಲ್ಲ ಮಗ, ನಿಂಗೆ ಬತ್ತದೆ," ಎಂದವಳೇ ಕೊಡೆ ಬಿಚ್ಚಿ ತಾನೇ ಹೊರಟಳು. ಅವಳ ಕೈಯಿಂದ ಕೊಡೆ ಕಿತ್ತುಕೊಂಡೆ.

ಆ ದಾರಿ ನೂರು ಹೆಜ್ಜೆಯೂ ಇರಲಿಲ್ಲ. ಹೋಗಲು ನನಗೆ ಮನಸ್ಸಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಎರಡು ಸಲ ನಿಂತೆ. ಯಾರನ್ನೋ ಕಳಿಸುತ್ತಾರಲ್ಲ, ವಾಪಸು ಹೋಗಿ ಹೇಳಿ ಬಂದೆ ಎಂದರೆ ಅವ್ವನಿಗೇನು ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ನಮ್ಮ ಕಾಟೇಜಿನ ಪಕ್ಕದಿಂದ ನೀರಿನ ಜೊತೆ ಹುಲ್ಲಿನ ಹೆಂಟೆ ತೇಲಿ ಬಂದು ನನ್ನ ಪಾದಕ್ಕೆ ತಾಗಿತು. ಬರೆಯ ಕಡೆ ತಲೆಯೆತ್ತಿ ನೋಡುವ ಧೈರ್ಯವಾಗಲಿಲ್ಲ. ಓಡಿಹೋಗಿ ಪಕ್ಕದ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದೆ.

ಟವೆಲು ಹೆಗಲಿಗೆ ಹಾಕಿಕೊಂಡ ಬಿಳಿಯನೊಬ್ಬ ತೆರೆದ. ಕಾಲೇಜಿನಲ್ಲಿ ಡಿಕ್ಷನರಿ ಬಾಯಿಪಾಠ ಮಾಡಿದವಳು ನಾನು. ಸ್ಟಾಫ್ ರೂಮಿನಲ್ಲಿ ಬೇರೆಯವರ ಇಂಗ್ಲಿಷ್ ತಿದ್ದುವವಳು. ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ.

"ಹಿಲ್," ಎಂದೆ. "ಕಮಿಂಗ್. ಬೇಬಿ ಔಟ್."

ಅವನು ಏನನ್ನೋ ಮಾರಲು ಬಂದವಳನ್ನು ನೋಡುವ ಹಾಗೆ ನೋಡಿದ. ಆಮೇಲೆ ಅವನ ಕಣ್ಣು ಕಣಕಾಲಿನವರೆಗೆ ಕೆಸರಾಗಿದ್ದ ನನ್ನ ಬರಿಗಾಲಿಗೆ ಇಳಿಯಿತು. ಅಷ್ಟರಲ್ಲಿ ಅವನ ಮಾಡಿನ ಮೇಲೆ ಕಲ್ಲೊಂದು ಬಿದ್ದು ಉರುಳಿತು. ಅವನು ಮತ್ತೇನೂ ಕೇಳಲಿಲ್ಲ. ಒಳಗೆ ಓಡಿ, ಮಲಗಿದ್ದ ಮಗುವನ್ನು ಹೊದಿಕೆಯ ಸಮೇತ ಎತ್ತಿಕೊಂಡು ಬಂದ. ಹಿಂದೆಯೇ ಹೆಂಡತಿ ಬಂದಳು.

ಸಂಜೆಗೆ ಮೊದಲೇ ಬರೆ ಜರಿಯಿತು. ಪೂರ್ತಿ ಅಲ್ಲ, ಒಂದೆರಡು ಗಾಡಿಯಷ್ಟು ಮಣ್ಣು. ನಮ್ಮ ರೂಮಿನ ಹಿಂದಿನ ಗೋಡೆಗೆ ಒರಗಿ, ಕಿಟಕಿಯ ಗಾಜು ಒಡೆದು, ಸ್ವಲ್ಪ ನಾನು ಮಲಗಿದ್ದ ಹಾಸಿಗೆಯ ಮೇಲೂ ಬಂದಿತ್ತು. ಗೋಡೆ ನಿಂತಿತ್ತು. ಪಕ್ಕದ ಕಾಟೇಜಿಗೆ ಏನೂ ಆಗಿರಲಿಲ್ಲ. ಹೋಟೆಲಿನ ತೋಟದ ಕೆಲಸದವರು ಗುದ್ದಲಿ ತಂದು ಎಳೆಯತೊಡಗಿದರು. ಅದನ್ನು ನೋಡಿದ ಮೇಲೆ ಹೆದರಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಹೆಚ್ಚಾಯಿತು.

ಊಟದ ಹಾಲ್‌ನಲ್ಲಿ ಆ ಬಿಳಿಯ ಆಚೆ ಮೇಜಿನವರಿಗೆ ಕೈ ಆಡಿಸಿ ಕಥೆ ಹೇಳುತ್ತಿದ್ದ. "ಹಿಲ್. ಕಮಿಂಗ್," ಎಂದು ನನ್ನ ಹಾಗೇ ಅಂದು ತೋರಿಸಿದ. ಎಲ್ಲರೂ ನಕ್ಕರು.

"ಏನಂತೆ?" ಎಂದಳು ಅವ್ವ.

"ನನ್ನ ಇಂಗ್ಲಿಷ್ ಆಡ್ಕೊಂಡು ನಗ್ತಾವ್ರೆ."

ಅವನ ತೊಡೆಯ ಮೇಲೆ ಕೂತು ಅನ್ನ ಚೆಲ್ಲುತ್ತಿದ್ದ ಮಗುವನ್ನು ಅವ್ವ ನೋಡಿದಳು. "ನಗ್ಲಿ ಬಿಡು. ನಗಾಕೆ ಉಳ್ಕಂಡವ್ರೆ, ಅಷ್ಟು ಸಾಕು."

ನನ್ನ ಕೈಯಲ್ಲಿದ್ದ ಚಮಚ ತಟ್ಟೆಗೆ ಟಕಟಕ ಬಡಿಯುತ್ತಲೇ ಇತ್ತು. ಅವ್ವ ಚಮಚ ತೆಗೆದು ಆಚೆಗಿಟ್ಟಳು. "ಕೈಯಾಗೆ ಉಣ್ಣು," ಎಂದಳು.